ಹಣ್ಣಿಗೂ ಬೇಕು ರಹದಾರಿ

ಸಂಜೆಯ ಹೊತ್ತು ಕಲಬುರಗಿಯ ಸೂಪರ್ ಮಾರ್ಕೆಟ್ಟಿನ ಕಡೆಗೆ ಕೈಚೀಲ ಹಿಡಿದು ಹೊರಟವರು ಹಣ್ಣಿನ ಬಂಡಿಗಳ ಸಾಲಿನಲ್ಲಿ ಒಂದು ಬಣ್ಣವನ್ನು ನೋಡದೆ ಬರಲಾರರು. ಹಳದಿ ಬಾಳೆಯ ರಾಶಿಯ ನಡುವೆ ಎರಡು ಮೂರು ಚಿಪ್ಪು ಕೆಂಪು ಬಾಳೆ ಠೀವಿಯಿಂದ ಕುಳಿತಿರುತ್ತದೆ. ಬೆಲೆ ಕೇಳಿದರೆ ಮನೆಯೊಡತಿ ಒಮ್ಮೆ ಹುಬ್ಬೇರಿಸುತ್ತಾಳೆ. "ಕಮಲಾಪುರದ್ದೇನ್ರಿ?" ಎಂದು ಕೇಳಿದರೆ, ಹಣ್ಣು ಎಲ್ಲಿಂದಲೇ ಬಂದಿರಲಿ, "ಹೌದ್ರೀ, ಅಲ್ಲೀದೇ" ಎನ್ನುವುದು ಬಂಡಿಯವನ ವಾಡಿಕೆ. ಊರಿನ ಹೆಸರೇ ಹಣ್ಣಿನ ಬೆಲೆಯನ್ನು ಏರಿಸುವುದೆಂದರೆ ಸಾಮಾನ್ಯ ಮಾತಲ್ಲ. ಇದೇ ಹೆಸರಿಗೆ ಭಾರತ ಸರಕಾರದ ಭೌಗೋಳಿಕ ಸೂಚಿಯ ಮುದ್ರೆಯೂ ದೊರೆತಿರುವುದು ತಮಗೆ ತಿಳಿದಿರಬಹುದು.

ಹುಮನಾಬಾದ ರಸ್ತೆಯಲ್ಲಿರುವ ಕಮಲಾಪುರದ ತೋಟದಿಂದ ಗೊನೆ ಕಡಿದು ಟೆಂಪೋದಲ್ಲಿ ಹಾಕಿದರೆ ಒಂದು ಗಂಟೆಯೊಳಗೆ ಅದು ಕಲಬುರಗಿಯಲ್ಲಿರುತ್ತದೆ. ಯಾರೂ ಅದರ ಕಾಗದಪತ್ರ ಕೇಳುವುದಿಲ್ಲ. ಹೈದರಾಬಾದಿಗೆ ಕಳಿಸಿದರೂ ಕೇಳುವುದಿಲ್ಲ, ಮುಂಬಯಿಗೆ ಕಳಿಸಿದರೂ ಕೇಳುವುದಿಲ್ಲ. ಆದರೆ ಅದೇ ಗೊನೆ ಸಮುದ್ರವನ್ನು ದಾಟಬೇಕಾದರೆ ಮನುಷ್ಯನಿಗೆ ಬೇಕಾಗುವಂತೆ ಅದಕ್ಕೂ ಒಂದು ರಹದಾರಿ ಬೇಕು. ಈ ರಹದಾರಿಯ ಹೆಸರು ಸಸ್ಯಾರೋಗ್ಯ ಪ್ರಮಾಣಪತ್ರ. ಇದನ್ನು ವ್ಯಾಪಾರಿ ತಾನೇ ಬರೆದುಕೊಳ್ಳುವಂತಿಲ್ಲ. ಈ ಹಣ್ಣಿನಲ್ಲಿ ನೀವು ಹೆದರುವ ಹುಳುವಾಗಲಿ, ಬೂಷ್ಟಾಗಲಿ, ರೋಗವಾಗಲಿ ಇಲ್ಲವೆಂದು ಕಳಿಸುವ ದೇಶದ ಸರಕಾರವೇ ಕೊಳ್ಳುವ ದೇಶದ ಸರಕಾರಕ್ಕೆ ಮಾತು ಕೊಡಬೇಕು. ಆ ಮಾತು ಒಂದು ಸಲ ಸುಳ್ಳಾದರೆ ಆಗುವ ನಷ್ಟವೆಷ್ಟು, ಅದನ್ನು ಹೊರುವವರು ಯಾರು ಎಂಬುದೇ ಇಲ್ಲಿನ ವಿಷಯ.

ಮೊದಲಿಗೆ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಿಬಿಡೋಣ. "ನಮ್ಮ ಬಾಳೆಗೆ ಸರಕಾರದ ಮುದ್ರೆ ಸಿಕ್ಕಿದೆಯಲ್ಲ, ಇನ್ನು ಪರದೇಶಕ್ಕೆ ಹೋಗಲು ಅಡ್ಡಿ ಯಾವುದು?" ಎಂದು ಕೇಳುವವರುಂಟು. ಭೌಗೋಳಿಕ ಸೂಚಿ ಕಾಯುವುದು ಹೆಸರನ್ನು. ಬೇರೆ ಊರಿನ ಹಣ್ಣಿಗೆ ಕಮಲಾಪುರದ ಹೆಸರು ಹಚ್ಚಿ ಮಾರಬಾರದೆಂಬುದಷ್ಟೇ ಅದರ ಕೆಲಸ. ಸಸ್ಯಾರೋಗ್ಯದ ಕಟ್ಟಳೆ ಕಾಯುವುದು ಕೊಳ್ಳುವವನ ನಾಡಿನ ತೋಟವನ್ನು. ಹಣ್ಣು ಎಷ್ಟು ರುಚಿ, ಎಷ್ಟು ಹೆಸರುವಾಸಿ ಎಂಬುದು ಅದಕ್ಕೆ ಬೇಕಾಗಿಲ್ಲ. ಆಪೂಸು ಮಾವಿಗಿಂತ ಹೆಸರುವಾಸಿಯಾದ ಹಣ್ಣು ನಮ್ಮಲ್ಲಿ ಯಾವುದಿದೆ? ಅದೇ ಹಣ್ಣು ಎಷ್ಟು ಬಾಗಿಲುಗಳಲ್ಲಿ ಎಷ್ಟು ವರ್ಷ ಕಾದು ನಿಂತಿತೆಂಬುದನ್ನು ಮುಂದೆ ನೋಡಲಿದ್ದೇವೆ.

ಈ ಕಟ್ಟಳೆಗಳೆಲ್ಲ ಬಡ ದೇಶಗಳನ್ನು ಹೊರಗಿಡಲು ಶ್ರೀಮಂತ ದೇಶಗಳು ಹೂಡಿದ ಹೂಟವೆಂದು ಹೇಳಿಬಿಡುವುದು ಸುಲಭ. ಆದರೆ ಚರಿತ್ರೆ ಹಾಗೆ ಹೇಳುವುದಿಲ್ಲ. 1860ರ ದಶಕದಲ್ಲಿ ಅಮೆರಿಕದಿಂದ ದ್ರಾಕ್ಷಿಬಳ್ಳಿಯೊಡನೆ ಬಂದ ಕಣ್ಣಿಗೆ ಕಾಣದಷ್ಟು ಸಣ್ಣದೊಂದು ಬೇರುಹೇನು ಫ್ರಾನ್ಸ್ ದೇಶದ ದ್ರಾಕ್ಷಿತೋಟಗಳನ್ನು ಒಂದರ ಹಿಂದೊಂದು ಒಣಗಿಸಿತು. ಅದರ ಪೆಟ್ಟಿನಿಂದಲೇ 1881ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಹಲವು ದೇಶಗಳು ಕೂಡಿ ಬಳ್ಳಿಗಳ ಸಾಗಾಟದ ಮೇಲೆ ಒಪ್ಪಂದ ಮಾಡಿಕೊಂಡವು. ನಮ್ಮ ಪಕ್ಕದ ಸಿಂಹಳದಲ್ಲಿ 1869ರಲ್ಲಿ ಕಾಫಿಯ ಎಲೆಗೆ ತುಕ್ಕುರೋಗ ಬಂದು, ಕೆಲವು ದಶಕಗಳೊಳಗೆ ಕಾಫಿಯ ನಾಡು ಚಹಾದ ನಾಡಾಯಿತು. ಅದೇ ಸಿಂಹಳದಿಂದ 1940ರ ಸುಮಾರಿಗೆ ಬಾಳೆಯ ತುದಿಗೊಂಚಲು ರೋಗ ಕೇರಳಕ್ಕೆ ಬಂದಿತು. ರೋಗ ಬಂದ ಗಿಡದ ಎಲೆಗಳು ತುದಿಯಲ್ಲಿ ಪೊರಕೆಯಂತೆ ಒತ್ತಾಗಿ ನಿಲ್ಲುತ್ತವೆ, ಗೊನೆ ಬಿಡುವುದಿಲ್ಲ. ಔಷಧವಿಲ್ಲ. ಕಿತ್ತು ಸುಡುವುದೊಂದೇ ದಾರಿ. ಇಂಥದೊಂದು ರೋಗ ತನ್ನ ನೆಲಕ್ಕೆ ಬಾರದಂತೆ ತಡೆಯುವ ಹಕ್ಕು ಯಾವ ದೇಶಕ್ಕೂ ಇಲ್ಲವೆಂದು ಯಾರು ಹೇಳಿಯಾರು?

ನಾವೂ ಈ ಕಾವಲನ್ನು ಕಾಯುತ್ತ ಬಂದವರೇ. ವಿನಾಶಕಾರಿ ಕೀಟ ಮತ್ತು ಪಿಡುಗುಗಳ ಕಾಯಿದೆ ನಮ್ಮಲ್ಲಿ ಬಂದದ್ದು 1914ರಲ್ಲಿ. ಚೀನದ ಸೇಬು ಮತ್ತು ಪೇರುಹಣ್ಣಿನಲ್ಲಿ ಕೀಟ ಕಂಡುಬಂದಿತೆಂದು 2017ರಲ್ಲಿ ಭಾರತ ಅವುಗಳ ಆಮದನ್ನು ನಿಲ್ಲಿಸಿತು. 2021ರ ಡಿಸೆಂಬರಿನಲ್ಲಿ ಇರಾನಿನ ಕಿವಿ ಹಣ್ಣಿಗೂ ಅದೇ ಗತಿಯಾಯಿತು. ಕಲಬುರಗಿಯವರಿಗೆ ಬೇಳೆಯ ಮಾತು ಹೇಳಿದರೆ ಹೆಚ್ಚು ರುಚಿಸೀತು. ಹೊರದೇಶದಿಂದ ಬರುವ ಬೇಳೆಕಾಳಿಗೆ ಅಲ್ಲಿಯೇ ಮಿಥೈಲ್ ಬ್ರೋಮೈಡ್ ಹೊಗೆ ಕೊಟ್ಟು ಕಳಿಸಬೇಕೆಂಬ ನಮ್ಮ ನಿಯಮದ ಮೇಲೆ ಕೆನಡದವರು ವರ್ಷಗಟ್ಟಲೆ ತಕರಾರು ಹೂಡಿದ್ದುಂಟು. ಆ ಅನಿಲವು ಆಕಾಶದ ಓಜೋನ್ ಪದರಕ್ಕೆ ಹಾನಿ ಮಾಡುತ್ತದೆ, ಅದರ ಬಳಕೆಯನ್ನು ನಾವು ಕಡಿಮೆ ಮಾಡುತ್ತಿದ್ದೇವೆ, ನೀವು ಅದನ್ನೇ ಕೇಳುತ್ತೀರಿ ಎಂಬುದು ಅವರ ವಾದ. ಅಂದರೆ ಈ ಆಟದಲ್ಲಿ ಬಾಗಿಲು ತಟ್ಟುವವನೂ ಬಾಗಿಲು ಕಾಯುವವನೂ ಒಬ್ಬನೇ. ಯಾವ ಕಡೆ ನಿಂತಿದ್ದಾನೆಂಬುದರ ಮೇಲೆ ಅವನ ಮಾತು ಬದಲಾಗುತ್ತದೆ.

ಇನ್ನು ಮಾವಿನ ಕಥೆಗೆ ಬರೋಣ. ಸಸ್ಯಾರೋಗ್ಯದ ಕಟ್ಟಳೆ ಹಣದ ಲೆಕ್ಕದಲ್ಲಿ ಏನು ಮಾಡುತ್ತದೆಂಬುದನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ಪಾಠ ನಮ್ಮ ದೇಶದಲ್ಲಿ ಬೇರೆ ಇಲ್ಲ.

ಮಾವಿನ ಓಟೆಯೊಳಗೆ ಒಂದು ಮೂತಿಹುಳು ವಾಸಿಸುವುದನ್ನು ತಾವು ನೋಡಿರಬಹುದು. ಹಣ್ಣು ತಿಂದು ಓಟೆಯನ್ನು ಒಡೆದಾಗ ಕಪ್ಪನೆಯ ಹುಳುವೊಂದು ಹೊರಬಂದು ಮಕ್ಕಳನ್ನು ಬೆಚ್ಚಿಸುತ್ತದೆ. ಕಾಯಿ ಇನ್ನೂ ಎಳೆಯದಿದ್ದಾಗಲೇ ಅದರ ಮರಿ ಒಳಹೊಕ್ಕು ಓಟೆ ಸೇರುತ್ತದೆ. ಹೊರಗಿನ ಗಾಯ ಮಾಯ್ದುಹೋಗುತ್ತದೆ. ತಿನ್ನುವ ತಿರುಳಿಗೆ ಹೆಚ್ಚಿನ ಬಾಧೆಯಿಲ್ಲ. ಆದ್ದರಿಂದ ನಮ್ಮವರು ಅದನ್ನು ದೊಡ್ಡ ಪಿಡುಗೆಂದು ಎಣಿಸಿದವರಲ್ಲ. ಆದರೆ ಹಣ್ಣನ್ನು ಕೊಯ್ಯದೆ ಹುಳುವಿದೆಯೋ ಇಲ್ಲವೋ ಎಂದು ಹೇಳುವುದು ಕಣ್ಣಿನ ತಪಾಸಣೆಯಿಂದ ಆಗದ ಮಾತು. ಅಮೆರಿಕದ ಮುಖ್ಯಭೂಮಿಯಲ್ಲಿ ಈ ಹುಳುವಿಲ್ಲ. ಇದೂ ಹಣ್ಣುನೊಣವೂ ತಮ್ಮಲ್ಲಿಗೆ ಬಂದಾವೆಂಬ ಅಂಜಿಕೆಯಿಂದ ಭಾರತದ ಮಾವು ಸುಮಾರು ಹದಿನೆಂಟು ವರ್ಷ ಆ ದೇಶದ ಹೊರಗೆ ನಿಂತಿತು. ಜಪಾನು 1986ರಿಂದ 2006ರವರೆಗೆ, ಇಪ್ಪತ್ತು ವರ್ಷ ಬಾಗಿಲು ಮುಚ್ಚಿತ್ತು.

ಇಪ್ಪತ್ತು ವರ್ಷವೆಂದರೆ ಏನು? ರೈತನೊಬ್ಬ ಮಾವಿನ ಸಸಿ ನೆಟ್ಟು, ಅದು ಬೆಳೆದು, ಫಲಕ್ಕೆ ಬಂದು, ಅವನ ಮಗ ಪೇಟೆಗೆ ಹಣ್ಣು ಒಯ್ಯುವಷ್ಟು ಕಾಲ. ಅಷ್ಟರಲ್ಲಿ ಬೇರೆ ದೇಶದ ಮಾವು ಆ ಅಂಗಡಿಗಳ ಕಪಾಟನ್ನು ಹಿಡಿದಿರುತ್ತದೆ. ಅಮೆರಿಕದ ಮನೆಗಳಲ್ಲಿ ಮಾವೆಂದರೆ ಮೆಕ್ಸಿಕೋದ ಮಾವು ಎಂಬ ಅಭ್ಯಾಸ ಬೇರೂರಿತು. ಬಾಗಿಲು ತೆರೆದ ಮೇಲೂ ಹೊಸಬನು ಆ ಅಭ್ಯಾಸದೊಡನೆ ಸೆಣಸಬೇಕು. ಲೆಕ್ಕದ ಪುಸ್ತಕದಲ್ಲಿ ಈ ನಷ್ಟ ಕಾಣುವುದಿಲ್ಲ. ಏಕೆಂದರೆ ಮಾರದ ಹಣ್ಣಿಗೆ ರಸೀತಿ ಇರುವುದಿಲ್ಲವಷ್ಟೆ.

ಕೊನೆಗೆ ಬೀಗದ ಕೈ ದೊರೆತದ್ದು ವಿಜ್ಞಾನದಿಂದ. ಕೋಬಾಲ್ಟ್ ಎಂಬ ಧಾತುವಿನ ವಿಕಿರಣಕ್ಕೆ ಹಣ್ಣನ್ನು ಒಡ್ಡಿದರೆ ಒಳಗಿನ ಹುಳು ಬದುಕಿದ್ದರೂ ಸಂತಾನಹೀನವಾಗುತ್ತದೆ. ಕನಿಷ್ಠ 400 ಗ್ರೇ ಪ್ರಮಾಣದ ವಿಕಿರಣ ಕೊಟ್ಟರೆ ಸಾಕೆಂದು ಅಮೆರಿಕ ಒಪ್ಪಿತು. ನಾಸಿಕದ ಹತ್ತಿರದ ಲಾಸಲಗಾಂವದಲ್ಲಿ ಈರುಳ್ಳಿ ಮೊಳೆಯದಂತೆ ಕಾಪಾಡಲು ಕಟ್ಟಿದ್ದ ವಿಕಿರಣ ಘಟಕವನ್ನು ಮಾವಿಗೆ ಅಣಿಗೊಳಿಸಿದರು. 2007ರ ಏಪ್ರಿಲಿನಲ್ಲಿ ಮೊದಲ ಪೆಟ್ಟಿಗೆಗಳು ಅಮೆರಿಕ ಸೇರಿದವು. ಅದೇ ಕಾಲಕ್ಕೆ ಆ ದೇಶದ ಹಾರ್ಲೆ ಡೇವಿಡ್ಸನ್ ಮೋಟಾರು ಸೈಕಲ್ಲುಗಳಿಗೆ ಭಾರತದ ಬಾಗಿಲು ತೆರೆಯಿತು! ಹುಳುವಿಗೂ ಮೋಟಾರು ಸೈಕಲ್ಲಿಗೂ ಏನು ಸಂಬಂಧವೆಂದು ತಾವು ಕೇಳಬಹುದು. ಸಂಬಂಧ ಶಾಸ್ತ್ರದಲ್ಲಿಲ್ಲ, ಚೌಕಾಶಿಯಲ್ಲಿದೆ.

ಒಂದೊಂದು ದೇಶದ ಬೇಡಿಕೆ ಒಂದೊಂದು ಬಗೆ. ಅಮೆರಿಕಕ್ಕೆ ವಿಕಿರಣ. ಜಪಾನಿಗೆ ಹಬೆಯ ಶಾಖ. ತಿರುಳಿನ ಉಷ್ಣತೆ 47.5 ಡಿಗ್ರಿಗೆ ಏರಿ ಇಪ್ಪತ್ತು ನಿಮಿಷ ನಿಲ್ಲಬೇಕು. ಯೂರೋಪಿಗೆ 48 ಡಿಗ್ರಿ ಬಿಸಿನೀರಿನಲ್ಲಿ ಒಂದು ಗಂಟೆಯ ಸ್ನಾನ. ನಮ್ಮ ಕೂಸುಗಳಿಗೆ ಎರೆಯುವಾಗಲೂ ಅಷ್ಟು ನಿಗಾ ಇರುವುದಿಲ್ಲ. ಒಂದು ಡಿಗ್ರಿ ಕಡಿಮೆಯಾದರೆ ನೊಣದ ಮರಿ ಉಳಿಯುತ್ತದೆ, ಹೆಚ್ಚಾದರೆ ಹಣ್ಣು ಬೆಂದುಹೋಗುತ್ತದೆ. ಮೂರು ದೇಶಕ್ಕೆ ಮಾರಬೇಕೆನ್ನುವವನಿಗೆ ಮೂರು ಬಗೆಯ ಯಂತ್ರ ಬೇಕು. ನಮ್ಮ ಕೋಲಾರ ಜಿಲ್ಲೆಯ ಮಾಲೂರಿನ ಘಟಕಕ್ಕೆ ಅಮೆರಿಕದ ಒಪ್ಪಿಗೆ ಸಿಗುವವರೆಗೆ, ಅಲ್ಲಿಗೆ ಕಳಿಸಬೇಕೆನ್ನುವ ಕರ್ನಾಟಕದ ಮಾವು ಮಹಾರಾಷ್ಟ್ರ ಸುತ್ತಿ ಹೋಗಬೇಕಾಗಿತ್ತು. ಆ ಸುತ್ತಿನ ಲಾರಿ ಬಾಡಿಗೆಯೂ ಕಟ್ಟಳೆಯ ವೆಚ್ಚವೇ ಅಲ್ಲವೆ?

ಒಪ್ಪಿಗೆ ಸಿಕ್ಕಮೇಲೆ ನಿಶ್ಚಿಂತೆಯೆಂದು ತಿಳಿಯಬೇಡಿ. ಅಮೆರಿಕಕ್ಕೆ ಹೋಗುವ ಹಣ್ಣನ್ನು ಆ ದೇಶದ ಇನ್ಸ್‌ಪೆಕ್ಟರರೇ ಇಲ್ಲಿಗೆ ಬಂದು ಎದುರು ನಿಂತು ನೋಡಬೇಕೆಂಬ ಏರ್ಪಾಡು ಇತ್ತು. 2020 ಮತ್ತು 2021ರಲ್ಲಿ ಮಹಾಮಾರಿಯಿಂದ ವಿಮಾನ ನಿಂತಾಗ ಇನ್ಸ್‌ಪೆಕ್ಟರು ಬರಲಿಲ್ಲ, ಹಣ್ಣೂ ಹೋಗಲಿಲ್ಲ. ಹುಳು ಹೆಚ್ಚಿರಲಿಲ್ಲ, ಹಣ್ಣು ಕೆಟ್ಟಿರಲಿಲ್ಲ. ನೋಡುವ ಕಣ್ಣು ಮಾತ್ರ ಇರಲಿಲ್ಲ. 2022ರಲ್ಲಿ ಮತ್ತೆ ದಾರಿ ತೆರೆಯಿತು. ಇನ್ನು 2025ರ ಮೇ ತಿಂಗಳ ಸಂಗತಿ. ನವಿ ಮುಂಬಯಿಯಲ್ಲಿ ವಿಕಿರಣ ಪಡೆದು ವಿಮಾನ ಏರಿದ 15 ಕಂತು ಮಾವನ್ನು ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ ತಡೆದರು. ಕಾರಣ ಹುಳುವಲ್ಲ, ವಿಕಿರಣದ ದಾಖಲೆಯ ಕಾಗದದಲ್ಲಿ ದೋಷ. ಹಣ್ಣನ್ನು ಮರಳಿ ತರುವ ವಿಮಾನದ ಬಾಡಿಗೆ ಹಣ್ಣಿನ ಬೆಲೆಗಿಂತ ಭಾರ. ಆದ್ದರಿಂದ ಅಲ್ಲಿಯೇ ನಾಶಮಾಡಿದರು. ರಫ್ತುದಾರರ ಲೆಕ್ಕದಲ್ಲಿ ನಷ್ಟ ಸುಮಾರು 5 ಲಕ್ಷ ಡಾಲರು. ಉಕ್ಕನ್ನೋ ಬಟ್ಟೆಯನ್ನೋ ಬಂದರಿನಲ್ಲಿ ಹದಿನೈದು ದಿನ ತಡೆದರೆ ಬಡ್ಡಿ ಹೋಗುತ್ತದೆ. ಹಣ್ಣನ್ನು ತಡೆದರೆ ಅಸಲೇ ಹೋಗುತ್ತದೆ. ಉಳಿದ ಸರಕಿನ ವ್ಯಾಪಾರಕ್ಕೂ ಹಣ್ಣಿನ ವ್ಯಾಪಾರಕ್ಕೂ ಇರುವ ಮುಖ್ಯ ಭೇದವಿದು.

ಯೂರೋಪಿನ ತಡೆಯಂತೂ ಎಲ್ಲರೂ ಕೇಳಿದ ಸುದ್ದಿ. 2013ರಲ್ಲಿ ಭಾರತದಿಂದ ಹೋದ ಹಣ್ಣು ತರಕಾರಿಗಳ 207 ಕಂತುಗಳಲ್ಲಿ ಹಣ್ಣುನೊಣವೇ ಮೊದಲಾದ ಪಿಡುಗುಗಳು ಸಿಕ್ಕವು. 2014ರ ಮೇ 1ರಿಂದ ಮಾವು, ಹಾಗಲ, ಬದನೆ, ಪಡುವಲ, ಕೆಸು ಇವು ಅಲ್ಲಿಗೆ ಬರಕೂಡದೆಂದು ಯೂರೋಪ್ ಒಕ್ಕೂಟ ತಡೆ ಹಾಕಿತು. ತಮ್ಮ ಗಾಜಿನ ಮನೆಗಳಲ್ಲಿ ಬೆಳೆಯುವ ಟೊಮೆಟೊ, ಸೌತೆಗಳಿಗೆ ನೊಣ ಹತ್ತೀತೆಂಬ ಭಯ ಇಂಗ್ಲೆಂಡಿನದು. ಮೇ 1 ಎಂದರೆ ಆಪೂಸಿನ ಸುಗ್ಗಿಯ ನಟ್ಟನಡುವಿನ ದಿನ. ಇಂಗ್ಲೆಂಡೊಂದೇ ಆಗ ವರ್ಷಕ್ಕೆ ಸುಮಾರು 1 ಕೋಟಿ 60 ಲಕ್ಷ ಭಾರತದ ಮಾವಿನ ಹಣ್ಣು ಕೊಳ್ಳುತ್ತಿತ್ತು. ಹೊರಗೆ ಹೋಗಬೇಕಾದ ಹಣ್ಣು ಮುಂಬಯಿಯ ಪೇಟೆಗೆ ಮರಳಿದಾಗ ಧಾರಣಿ ಇಳಿಯಿತು. ಆ ವರ್ಷ ಆಪೂಸು ಸ್ವಲ್ಪ ಅಗ್ಗವಾಯಿತೆಂದು ತಿಂದವರಿಗೆ ಸಂತೋಷ. ನಮ್ಮ ತಟ್ಟೆಯ ಆ ಅಗ್ಗದ ಹೋಳು ಕೊಂಕಣದ ರೈತನ ಜೇಬಿನಿಂದ ಬಂದದ್ದು. ಲಂಡನ್ನಿನ ಸಣ್ಣ ಅಂಗಡಿಕಾರರೂ ಮುಖ ಬಾಡಿಸಿದರು. ಅವರಲ್ಲಿ ಬಹಳ ಮಂದಿ ನಮ್ಮ ಕಡೆಯಿಂದ ಹೋದವರೇ.

ಮಾವಿನ ಮೇಲಿನ ತಡೆ 2015ರ ಆರಂಭದಲ್ಲಿ ಹೋಯಿತು. ತಡೆಯಿಂದ ಒಂದು ಒಳ್ಳೆಯದೂ ಆಯಿತೆಂದು ಹೇಳದಿದ್ದರೆ ನ್ಯಾಯವಾಗದು. ಸರಕಾರ ಒಪ್ಪಿದ ಪ್ಯಾಕ್‌ಹೌಸುಗಳಲ್ಲಿಯೇ, ಸಸ್ಯ ಸಂಗರೋಧ ಇಲಾಖೆಯ ಅಧಿಕಾರಿಯ ಎದುರಿನಲ್ಲಿಯೇ ಹಣ್ಣು ಆರಿಸಿ ತುಂಬಬೇಕೆಂದು ಗೊತ್ತುಮಾಡಿದರು. ಯಾವ ತೋಟದ ಹಣ್ಣು ಯಾವ ಪೆಟ್ಟಿಗೆಯಲ್ಲಿದೆಯೆಂದು ಬರೆದಿಡುವ ಪದ್ಧತಿ ಬಲವಾಯಿತು. ಆದರೆ ಅದಕ್ಕೆ ಮುಂಚೆ ನೂರಾರು ಕಂತುಗಳ ತಪ್ಪಿಗೆ, ತಪ್ಪು ಮಾಡದ ಸಾವಿರಾರು ತೋಟಗಳು ಒಂದು ಸುಗ್ಗಿಯ ದಂಡ ತೆತ್ತವು. ಒಬ್ಬನ ಹುಳುವಿಗೆ ಊರಿಗೆಲ್ಲ ಬಹಿಷ್ಕಾರ ಎಂಬಂತೆ.

ಹೀಗಾಗಬಾರದೆಂದು ಕಟ್ಟಳೆಗಳಿಗೂ ಒಂದು ಕಟ್ಟಳೆಯನ್ನು ಜಗತ್ತು ಮಾಡಿಕೊಂಡಿದೆ. ಅಂತರರಾಷ್ಟ್ರೀಯ ಸಸ್ಯ ಸಂರಕ್ಷಣಾ ಒಡಂಬಡಿಕೆ 1951ರಲ್ಲಿ ಆಯಿತು. ಭಾರತ ಆಗಿನಿಂದಲೂ ಅದರಲ್ಲಿದೆ. 1995ರ ಜನವರಿ 1ರಂದು ವಿಶ್ವ ವ್ಯಾಪಾರ ಸಂಸ್ಥೆಯೊಡನೆ ಇನ್ನೊಂದು ಒಪ್ಪಂದ ಜಾರಿಗೆ ಬಂದಿತು. ಅದರ ಸಾರ ಇಷ್ಟು: ನಿನ್ನ ತೋಟ ಕಾಪಾಡಿಕೊಳ್ಳುವ ಹಕ್ಕು ನಿನಗಿದೆ, ಆದರೆ ಅಪಾಯವೆಷ್ಟೆಂಬುದನ್ನು ಶಾಸ್ತ್ರೀಯವಾಗಿ ತೋರಿಸಬೇಕು. ರೋಗ ದೇಶದ ಒಂದು ಮೂಲೆಯಲ್ಲಿದ್ದರೆ ಇಡೀ ದೇಶವನ್ನು ತಡೆಯಬಾರದು. ಬೇರೆ ವಿಧಾನದಿಂದ ಅಷ್ಟೇ ರಕ್ಷಣೆ ದೊರೆಯುವುದಾದರೆ ಅದನ್ನೂ ಒಪ್ಪಬೇಕು. ಕಾಗದದ ಮೇಲೆ ಇದು ಬಹಳ ನ್ಯಾಯವಾಗಿದೆ. ನಡೆಯುವುದು ಹೇಗೆಂಬುದಕ್ಕೆ ಬಾಳೆಯದೇ ಒಂದು ಉದಾಹರಣೆ ಕೇಳಿ.

ಫಿಲಿಪ್ಪೀನ್ಸ್ ದೇಶ ತನ್ನ ಬಾಳೆಯನ್ನು ಆಸ್ಟ್ರೇಲಿಯಕ್ಕೆ ಮಾರಲು 1995ರಲ್ಲಿ ಅನುಮತಿ ಕೇಳಿತು. ಕಪ್ಪು ಸಿಗಟೋಕ ಮೊದಲಾದ ರೋಗಗಳ ಭಯದಿಂದ ಆಸ್ಟ್ರೇಲಿಯ ಅಪಾಯದ ಅಧ್ಯಯನಕ್ಕೆ ಕುಳಿತಿತು. ಭಯ ಸುಳ್ಳಲ್ಲ, 2001ರಲ್ಲಿ ಅವರದೇ ಟುಲ್ಲಿ ಎಂಬ ಬಾಳೆಯ ಸೀಮೆಯಲ್ಲಿ ಆ ಎಲೆರೋಗ ಕಾಣಿಸಿಕೊಂಡು, ಬಹಳ ಶ್ರಮದಿಂದ ಅದನ್ನು ಅಳಿಸಿಹಾಕಿದ್ದರು. ಅಧ್ಯಯನ ಮುಗಿದು ಶರತ್ತುಗಳೊಡನೆ ಒಪ್ಪಿಗೆಯೆಂದು ಹೇಳಿದ್ದು 2009ರಲ್ಲಿ. ಹದಿನಾಲ್ಕು ವರ್ಷ! ಅಷ್ಟಾದರೂ ಶರತ್ತುಗಳು ಎಷ್ಟು ಬಿಗಿಯೆಂದರೆ ಬಾಗಿಲು ತೆರೆದಿದ್ದರೂ ಹೊಸ್ತಿಲು ಎದೆಯೆತ್ತರ. ನಡುವೆ 2006ರ ಮಾರ್ಚಿನಲ್ಲಿ ಲ್ಯಾರಿ ಎಂಬ ಚಂಡಮಾರುತ ಕ್ವೀನ್ಸ್‌ಲ್ಯಾಂಡಿನ ಬಾಳೆತೋಟಗಳನ್ನು ನೆಲಕ್ಕೆ ಮಲಗಿಸಿತು. ಹೊರಗಿನಿಂದ ಬಾಳೆ ಬರುವಂತಿಲ್ಲ. ಬೆಲೆ ಹಲವು ಪಟ್ಟು ಏರಿ ಆಸ್ಟ್ರೇಲಿಯದ ಮನೆಗಳಲ್ಲಿ ಬಾಳೆಹಣ್ಣು ಚಿನ್ನವಾಯಿತು. ಕಟ್ಟಳೆಯ ಬೆಲೆಯನ್ನು ರಫ್ತು ಮಾಡುವ ದೇಶ ಮಾತ್ರ ತೆರುವುದಿಲ್ಲ, ಕೊಳ್ಳುವ ದೇಶದ ಗೃಹಿಣಿಯೂ ತೆರುತ್ತಾಳೆ. ಆದರೆ ಅವಳು ತೆತ್ತ ಹಣ ಅವಳ ನಾಡಿನ ತೋಟಗಾರನಿಗೇ ಹೋಗುತ್ತದೆ. ಆದ್ದರಿಂದ ಅಲ್ಲಿ ಕೂಗು ಕಡಿಮೆ.

ಹುಳುವಿನ ನೆವದಲ್ಲಿ ಬೇರೆಯದೇ ಜಗಳ ಆಡುವುದೂ ಉಂಟು. 2012ರಲ್ಲಿ ಸಮುದ್ರದ ನಡುವಿನ ಒಂದು ದಿಬ್ಬಕ್ಕಾಗಿ ಚೀನಕ್ಕೂ ಫಿಲಿಪ್ಪೀನ್ಸಿಗೂ ವ್ಯಾಜ್ಯ ಬಲಿತ ಹೊತ್ತಿಗೆ, ಚೀನದ ಬಂದರುಗಳಲ್ಲಿ ಫಿಲಿಪ್ಪೀನ್ಸಿನ ಬಾಳೆಯ ತಪಾಸಣೆ ಒಮ್ಮೆಗೇ ಬಿಗಿಯಾಗಿ ರಾಶಿ ರಾಶಿ ಹಣ್ಣು ಕೊಳೆಯಿತು. 2021ರ ಮಾರ್ಚಿನಲ್ಲಿ ಹಿಟ್ಟುತಿಗಣೆ ಸಿಕ್ಕಿತೆಂದು ತೈವಾನಿನ ಅನಾನಸನ್ನು ಚೀನ ನಿಲ್ಲಿಸಿತು. ತೈವಾನ್ ಹೊರಗೆ ಕಳಿಸುತ್ತಿದ್ದ ಅನಾನಸಿನಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲು ಹೋಗುತ್ತಿದ್ದುದು ಚೀನಕ್ಕೇ. ತಿಗಣೆ ಇದ್ದಿರಲೂಬಹುದು. ಆದರೆ ತಿಗಣೆ ಯಾವಾಗ ಕಣ್ಣಿಗೆ ಬೀಳಬೇಕೆಂಬುದನ್ನು ಒಮ್ಮೊಮ್ಮೆ ಬೇರೆಯವರು ಗೊತ್ತುಮಾಡುತ್ತಾರೆಂದು ತೋರುತ್ತದೆ. ಒಬ್ಬನೇ ಗಿರಾಕಿಯನ್ನು ನಂಬಿದ ಮಾರಾಟಗಾರನ ಪಾಡು ಸಂತೆಯಲ್ಲಿ ಹೇಗೋ ಸಮುದ್ರದಾಚೆಯೂ ಹಾಗೆಯೇ.

ಮೆಕ್ಸಿಕೋದ ಬೆಣ್ಣೆಹಣ್ಣು, ಅಂದರೆ ಆವಕಾಡೊ, 1914ರಿಂದ 1997ರವರೆಗೆ ಎಂಬತ್ತಮೂರು ವರ್ಷ ಅಮೆರಿಕದ ಹೊರಗಿತ್ತು. ತೆರೆದ ಮೇಲೆ ಆ ಒಂದು ಹಣ್ಣಿನಿಂದ ಮಿಚೋಆಕಾನ್ ಎಂಬ ಪ್ರಾಂತದ ಭಾಗ್ಯವೇ ತಿರುಗಿತು. 2022ರ ಫೆಬ್ರವರಿಯಲ್ಲಿ ಅಮೆರಿಕದ ಒಬ್ಬ ಇನ್ಸ್‌ಪೆಕ್ಟರಿಗೆ ಅಲ್ಲಿ ಬೆದರಿಕೆ ಬಂದಿತೆಂದು ಒಂದು ವಾರ ತಪಾಸಣೆ ನಿಂತಿತು. ಕೂಡಲೇ ಇಡೀ ಪ್ರಾಂತದ ವ್ಯಾಪಾರ ನಿಂತಿತು.

ಇಲ್ಲಿ ಮತ್ತೊಂದು ಗೊಂದಲ ಬೇಡ. ವಿಜಯಪುರದ ಕಡೆಯವರಿಗೆ 2010ರ ದ್ರಾಕ್ಷಿಯ ವರ್ಷ ನೆನಪಿರಬಹುದು. ಆಗ ಯೂರೋಪಿನಲ್ಲಿ ಭಾರತದ ದ್ರಾಕ್ಷಿಗೆ ತಡೆ ಬಂದದ್ದು ಹುಳುವಿನಿಂದಲ್ಲ, ಬಳ್ಳಿಗೆ ಹೊಡೆದ ರಾಸಾಯನಿಕದ ಶೇಷ ಹಣ್ಣಿನಲ್ಲಿ ಉಳಿದದ್ದರಿಂದ. ಅದು ತಿನ್ನುವವರ ಆರೋಗ್ಯದ ಮಾತು. ಇದು ಗಿಡಗಳ ಆರೋಗ್ಯದ ಮಾತು. ಎರಡರ ನಡುವೆ ರೈತ ಸಿಕ್ಕಿಕೊಳ್ಳುವುದುಂಟು. ಹುಳು ಇರಬಾರದೆಂದು ಔಷಧ ಹೊಡೆದರೆ ಔಷಧ ಉಳಿಯಿತೆನ್ನುತ್ತಾರೆ, ಹೊಡೆಯದಿದ್ದರೆ ಹುಳು ಉಳಿಯಿತೆನ್ನುತ್ತಾರೆ.

ಈಗ ಕಮಲಾಪುರಕ್ಕೆ ಮರಳೋಣ. ಬಾಳೆಗೆ ಮಾವಿಗಿಲ್ಲದ ಒಂದು ಅನುಕೂಲವಿದೆ. ಬಲಿತ, ಆದರೆ ಇನ್ನೂ ಗಟ್ಟಿಯಾಗಿ ಹಸಿರಿರುವ ಬಾಳೆಕಾಯಿಯಲ್ಲಿ ಹಣ್ಣುನೊಣ ಮೊಟ್ಟೆಯಿಟ್ಟು ಮರಿ ಮಾಡುವುದು ಕಷ್ಟ. ಅದಕ್ಕಾಗಿ ಅನೇಕ ದೇಶಗಳು ಹಸಿರು ಬಾಳೆಯನ್ನು ಹೆಚ್ಚಿನ ಉಪಚಾರ ಕೇಳದೆ ಒಳಗೆ ಬಿಡುತ್ತವೆ. ಕಲಬುರಗಿಯಿಂದ ರೈಲು ಹತ್ತಿದರೆ ಎರಡು ಗಂಟೆಯಾಚೆಗಿರುವ ಸೊಲ್ಲಾಪುರ ಜಿಲ್ಲೆಯ ಹಳದಿ ಬಾಳೆ ಕೊಲ್ಲಿಯ ನಾಡುಗಳಿಗೆ ಶೀತಪೆಟ್ಟಿಗೆಗಳಲ್ಲಿ ಹೋಗುತ್ತಿರುವುದು ಈ ದಾರಿಯಿಂದ. ಕೊಲ್ಲಿಯ ದೇಶಗಳಲ್ಲಿ ಕಾಪಾಡಬೇಕಾದ ಬಾಳೆತೋಟಗಳು ಕಡಿಮೆ. ಆದ್ದರಿಂದ ಕಟ್ಟಳೆಯೂ ಮೃದು. ಕೆನಡ ಸಹ 2022ರಲ್ಲಿ ಭಾರತದ ಬಾಳೆಗೆ ಒಪ್ಪಿಗೆ ಕೊಟ್ಟಿತು. ಹಿಮ ಬೀಳುವ ಆ ನಾಡಿನಲ್ಲಿ ಬಾಳೆಯ ರೋಗಕ್ಕೆ ಹೆದರುವವರಾರು?

ಆದರೆ ಕೆಂಪು ಬಾಳೆ ಕಾಯಿಯಾಗಿದ್ದಾಗಲೂ ಕೆಂಪೇ! ಹಸಿರು ಇದೆಯೇ ಹಳದಿಗೆ ತಿರುಗಿತೇ ಎಂದು ಬಣ್ಣ ನೋಡಿ ಅಳೆಯುವ ಕಣ್ಣಿಗೆ ಅದರ ಸಿಪ್ಪೆ ಸುಲಭವಾಗಿ ಗುಟ್ಟು ಬಿಡುವುದಿಲ್ಲ. ಅದರ ಹದವನ್ನು ಗೊನೆಯ ವಯಸ್ಸಿನಿಂದಲೋ ಕಾಯಿಯ ಗಟ್ಟಿತನದಿಂದಲೋ ತೋರಿಸಿಕೊಡಬೇಕಾಗುತ್ತದೆ. ಇದು ದೊಡ್ಡ ಅಡ್ಡಿಯಲ್ಲ. ದೊಡ್ಡ ಅಡ್ಡಿ ಲೆಕ್ಕದ್ದು.

ಸುಲಭವಾಗಲೆಂದು ಒಂದು ಊಹೆಯ ಲೆಕ್ಕ ಹಾಕೋಣ. ತೋಟದ ದಾಖಲೆ, ಆರಿಸುವ ಕೊಠಡಿ, ತಪಾಸಣೆ, ಪ್ರಮಾಣಪತ್ರ ಎಲ್ಲ ಸೇರಿ ಒಂದು ಕಂತಿಗೆ 1 ಲಕ್ಷ ರೂಪಾಯಿ ವೆಚ್ಚವೆಂದು ಇಟ್ಟುಕೊಳ್ಳಿ. ದೊಡ್ಡ ಶೀತಪೆಟ್ಟಿಗೆಯೊಂದರಲ್ಲಿ ಸುಮಾರು 20 ಟನ್ನು ಬಾಳೆ ಹಿಡಿಯುತ್ತದೆ. 20 ಟನ್ನು ತುಂಬಿದವನಿಗೆ ಈ ವೆಚ್ಚ ಕಿಲೋಗೆ 5 ರೂಪಾಯಿ. 2 ಟನ್ನು ಮಾತ್ರ ತುಂಬಿದವನಿಗೆ ಕಿಲೋಗೆ 50 ರೂಪಾಯಿ. ಕಟ್ಟಳೆ ಇಬ್ಬರಿಗೂ ಒಂದೇ. ಭಾರ ಮಾತ್ರ ಹತ್ತು ಪಟ್ಟು. ಕೆಂಪು ಬಾಳೆ ಎತ್ತರಕ್ಕೆ ಬೆಳೆಯುವ ಗಿಡ. ಉಳಿದ ಬಾಳೆ ವರ್ಷದೊಳಗೆ ಗೊನೆ ಕೊಟ್ಟರೆ ಇದು ಒಂದೂವರೆ ವರ್ಷದವರೆಗೂ ಕಾಯಿಸುತ್ತದೆ. ಬೆಳೆಯುವ ಸೀಮೆ ಸಣ್ಣದು, ಹಿಡುವಳಿಗಳೂ ಸಣ್ಣವು. ವಾರ ವಾರಕ್ಕೂ 20 ಟನ್ನು ಕೂಡಿಸಬೇಕಾದರೆ ಒಬ್ಬೊಬ್ಬರಿಂದ ಆಗದು. ಹಲವರು ಕೂಡಿದರೆ ಆದೀತು; ಆದರೆ ಹಲವರು ಕೂಡಿದಾಗ ಒಂದು ತೋಟದ ಹಿಟ್ಟುತಿಗಣೆ ಇಡೀ ಪೆಟ್ಟಿಗೆಯನ್ನು ಕೆಡಿಸುತ್ತದೆ. ಆದ್ದರಿಂದ ಕೊಳ್ಳುವ ಕಂಪನಿಗಳು ಐವತ್ತು ಸಣ್ಣ ರೈತರಿಗಿಂತ ಒಬ್ಬ ದೊಡ್ಡ ರೈತನೊಡನೆ ವ್ಯವಹರಿಸಲು ಇಷ್ಟಪಡುತ್ತವೆ. ಸಣ್ಣವರು ಹೊರಗುಳಿಯುವುದು ಹೀಗೆ.

ಹಾಗಾದರೆ ಕಮಲಾಪುರದವರಿಗೆ ಈ ಕಟ್ಟಳೆಗಳಿಂದ ಆಗಬೇಕಾದ್ದೇನೂ ಇಲ್ಲವೆ? ಇದೆ. ನನ್ನ ಅಭಿಪ್ರಾಯದಲ್ಲಿ ಅವರು ಮೊದಲು ಯೋಚಿಸಬೇಕಾದ್ದು ಹೊರಹೋಗುವ ಗೊನೆಯ ಮಾತಲ್ಲ, ಒಳಬರುವ ಕಂದಿನ ಮಾತು. ನಂಜನಗೂಡಿನ ರಸಬಾಳೆಯ ಸಂಗತಿ ತಮಗೆ ಗೊತ್ತಿದೆ. ಅದಕ್ಕೂ ಊರಿನ ಹೆಸರಿತ್ತು, ಅದಕ್ಕೂ ಭೌಗೋಳಿಕ ಸೂಚಿಯ ಮುದ್ರೆ ಬಂದಿತು; ಆದರೆ ಅಷ್ಟರಲ್ಲಿ ಪನಾಮಾ ಸೊರಗುರೋಗ ತೋಟಗಳನ್ನು ತಿಂದು, ಹೆಸರು ಉಳಿದು ಹಣ್ಣು ಅಪರೂಪವಾಗಿತ್ತು. ಈ ರೋಗದ ಬೂಷ್ಟು ಮಣ್ಣಿನಲ್ಲಿ ದಶಕಗಟ್ಟಲೆ ಬದುಕುತ್ತದೆ. ಕಂದಿಗೆ ಅಂಟಿದ ಮಣ್ಣಿನೊಡನೆ, ಸನಿಕೆಯೊಡನೆ, ಟ್ರ್ಯಾಕ್ಟರಿನ ಗಾಲಿಯೊಡನೆ, ಹರಿಯುವ ನೀರಿನೊಡನೆ ಹೊಲದಿಂದ ಹೊಲಕ್ಕೆ ಹೋಗುತ್ತದೆ. ಇದರ ಇನ್ನೂ ಉಗ್ರವಾದ ಒಂದು ಬಗೆ, ಟಿ.ಆರ್. 4 ಎಂದು ಕರೆಯುವುದು, ಬಿಹಾರದ ಕಟಿಹಾರ ಮೊದಲಾದ ಕಡೆ ಈಗಾಗಲೇ ಕಾಣಿಸಿಕೊಂಡಿದೆ. 2019ರಲ್ಲಿ ಇದು ಕೊಲಂಬಿಯ ದೇಶಕ್ಕೆ ಬಂದಾಗ, ಬಾಳೆಯ ರಫ್ತನ್ನೇ ನಂಬಿದ ಜನರಿರುವ ಆ ದೇಶದ ಸರಕಾರ ತುರ್ತು ಪರಿಸ್ಥಿತಿ ಸಾರಿತು.

ನಮ್ಮ ದೇಶದೊಳಗೂ ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಬಾಳೆಯ ಕಂದು ಒಯ್ಯುವುದಕ್ಕೆ ಕಟ್ಟಳೆಯಿದೆ. ತುದಿಗೊಂಚಲು ರೋಗವೂ ಮೊಸಾಯಿಕ್ ರೋಗವೂ ಇರುವ ರಾಜ್ಯಗಳಿಂದ ಪ್ರಮಾಣಪತ್ರವಿಲ್ಲದೆ ಬಾಳೆಯ ಸಸಿಯನ್ನಾಗಲಿ ಕಂದನ್ನಾಗಲಿ ಹೊರಗೆ ಸಾಗಿಸಬಾರದೆಂದು ಆ 1914ರ ಕಾಯಿದೆಯ ಕೆಳಗೆ ಬಹು ಹಿಂದೆಯೇ ಆಜ್ಞೆಯಾಗಿತ್ತು. ಆದರೆ ಬೀಗರ ಊರಿನಿಂದ ಮರಳುವಾಗ ನಾಲ್ಕು ಕಂದನ್ನು ಗೋಣಿಯಲ್ಲಿ ಸುತ್ತಿ ಬಸ್ಸಿನ ಮೇಲೆ ಹಾಕಿಕೊಂಡು ಬರುವ ನಮ್ಮವರನ್ನು ಯಾವ ನಾಕಾದಲ್ಲಿ ಯಾರು ತಡೆದಾರು? ಪರದೇಶದವರು ನಮ್ಮ ಪೆಟ್ಟಿಗೆಯನ್ನು ಒಡೆದು ನೋಡುವ ನಿಷ್ಠುರವನ್ನು ನಾವು ಬೀಗರೊಡನೆ ತೋರಿಸಲಾರೆವು.

ತಾವು ಈ ಸುಗ್ಗಿಯಲ್ಲಿ ಕಮಲಾಪುರದ ಕಡೆಗೆ ಹೋದರೆ ರಸ್ತೆಯ ಬದಿಯಲ್ಲಿ ಕೆಂಪು ಗೊನೆಗಳನ್ನು ತೂಗುಹಾಕಿರುವುದನ್ನು ನೋಡಿ, ಒಂದು ಚಿಪ್ಪು ಕೊಳ್ಳಿ. ತೋಟದವರು ಮಾತಿಗೆ ಸಿಕ್ಕರೆ ಹಣ್ಣಿನ ಧಾರಣಿ ಕೇಳಿದಂತೆಯೇ ಇದನ್ನೂ ಕೇಳಿ: ಹೊಸ ಮಡಿಯಲ್ಲಿ ನೆಟ್ಟ ಕಂದು ಯಾರ ಹೊಲದ್ದು, ಆ ಹೊಲದಲ್ಲಿ ಹೋದ ವರ್ಷ ಎಷ್ಟು ಗಿಡ ಹಳದಿಯಾಗಿ ಬಿದ್ದವು?